ಎದ್ದು ಹೋದ ರಾಜಧಾನಿ, ಉಳಿದ ಬಂದರು: ರಬೌಲ್ ಮತ್ತು ಕೊಕೊಪೊ

(ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿದೆ.)

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಒಂದು ಸಣ್ಣ ಊರಿನ ಬಗ್ಗೆ. ಸರಿಯಾಗಿ ಹೇಳಬೇಕೆಂದರೆ ಒಂದೂವರೆ ಊರಿನ ಬಗ್ಗೆ. ಪಪುವಾ ನ್ಯೂಗಿನಿ ಎಂಬ ದ್ವೀಪರಾಷ್ಟ್ರದಲ್ಲಿ ಈಸ್ಟ್ ನ್ಯೂ ಬ್ರಿಟನ್ ಅಂತ ಒಂದು ಪ್ರಾಂತ್ಯವಿದೆ. ಅದರ ಇವತ್ತಿನ ರಾಜಧಾನಿ ಕೊಕೊಪೊ. 1994ರ ಸೆಪ್ಟೆಂಬರ್‌ವರೆಗೆ ರಾಜಧಾನಿಯಾಗಿದ್ದದ್ದು ಅಲ್ಲಿಂದ ಸುಮಾರು 20 ಕಿಲೋಮೀಟರ್ ದೂರದ ರಬೌಲ್. ಆ ಅರ್ಧ ಊರು ಅದೇ. ಅರ್ಧ ಬೂದಿಯಡಿ ಹೋಗಿದೆ, ಇನ್ನರ್ಧ ಇನ್ನೂ ವ್ಯಾಪಾರ ಮಾಡುತ್ತಿದೆ.

ಜ್ವಾಲಾಮುಖಿ ಸಿಡಿಯಿತು, ಊರು ಮುಚ್ಚಿತು, ರಾಜಧಾನಿ ಬೇರೆ ಕಡೆ ಹೋಯಿತು: ಪತ್ರಿಕೆಗಳಲ್ಲಿ ಈ ಕತೆ ಮೂರು ಸಾಲಿನಲ್ಲಿ ಮುಗಿಯುತ್ತದೆ. ನನಗೆ ಕುತೂಹಲವಿರುವುದು ಆಮೇಲಿನದರ ಬಗ್ಗೆ, ಮತ್ತು ಅದಕ್ಕೂ ಮೊದಲಿನದರ ಬಗ್ಗೆ. ಯಾಕೆಂದರೆ ಈ ರಾಜಧಾನಿ ಜಾಗ ಬದಲಿಸಿದ್ದು ಅದೇ ಮೊದಲ ಸಲವೇನೂ ಆಗಿರಲಿಲ್ಲ. ಒಂದು ಶತಮಾನದೊಳಗೆ ಅದು ಕೊಕೊಪೊದಿಂದ ರಬೌಲ್‌ಗೆ ಹೋಗಿ, ರಬೌಲ್‌ನಿಂದ ಓಡಿಹೋಗಲು ನೋಡಿ, ಯುದ್ಧದಲ್ಲಿ ನೆಲಸಮವಾಗಿ, ಮತ್ತೆ ಅಲ್ಲೇ ಎದ್ದು, ಕೊನೆಗೆ ಹೊರಟ ಜಾಗಕ್ಕೇ ಬಂದು ಕೂತಿತು. ಪ್ರತಿ ಸಲವೂ ಎಳೆದಾಟ ನಡೆದದ್ದು ಎರಡರ ನಡುವೆ. ಒಂದು ಬಂದರು, ಇನ್ನೊಂದು ಬೆಟ್ಟ. ಚೋದ್ಯವೆಂದರೆ ಎರಡನ್ನೂ ಮಾಡಿದ್ದು ಒಂದೇ ಬೆಂಕಿ.

ನಕ್ಷೆ ನೋಡಿ. ಸಮಭಾಜಕ ವೃತ್ತದಿಂದ ಸುಮಾರು ನಾಲ್ಕು ಡಿಗ್ರಿ ದಕ್ಷಿಣಕ್ಕೆ ನ್ಯೂ ಬ್ರಿಟನ್ ದ್ವೀಪ. ಬಾಗಿದ, ಉದ್ದನೆಯ ದ್ವೀಪ. ವಿಸ್ತೀರ್ಣದಲ್ಲಿ ಕೇರಳಕ್ಕಿಂತ ಸ್ವಲ್ಪ ಕಡಿಮೆ. ಅದರ ಈಶಾನ್ಯ ತುದಿಗೆ ಅಂಟಿಕೊಂಡ ಗಂಟಿನಂಥ ಭಾಗ ಗಜೆಲ್ ಪರ್ಯಾಯ ದ್ವೀಪ. ಆ ಗಂಟಿನ ತುದಿಯಲ್ಲಿ ಸಮುದ್ರ ಒಳಗೆ ನುಗ್ಗಿ ಒಂದು ಕೊಲ್ಲಿಯಾಗಿದೆ, ಬ್ಲಾಂಚ್ ಕೊಲ್ಲಿ. ಅದರ ಒಳಮೂಲೆಯೇ ಸಿಂಪ್ಸನ್ ಬಂದರು. 1872ರಲ್ಲಿ ಬ್ಲಾಂಚ್ ಎಂಬ ಬ್ರಿಟಿಷ್ ನೌಕೆಯಲ್ಲಿ ಬಂದ ಕ್ಯಾಪ್ಟನ್ ಸಿಂಪ್ಸನ್ ಹಡಗಿನ ಹೆಸರನ್ನು ಕೊಲ್ಲಿಗೂ ತನ್ನ ಹೆಸರನ್ನು ಬಂದರಿಗೂ ಕೊಟ್ಟು ಹೋದ. ಅಲ್ಲಿದ್ದವರನ್ನು ಯಾರೂ ಕೇಳಲಿಲ್ಲ ಅನ್ನುವುದನ್ನು ಬೇರೆ ಹೇಳಬೇಕಾಗಿಲ್ಲ.

ಈ ಕೊಲ್ಲಿ ನಿಜಕ್ಕೂ ಒಂದು ಜ್ವಾಲಾಮುಖಿಯ ಕುಸಿದ ಬಾಯಿ. ಭೂವಿಜ್ಞಾನಿಗಳು ಅದನ್ನು ಕಾಲ್ಡೆರಾ ಎನ್ನುತ್ತಾರೆ. ಉದ್ದ ಸುಮಾರು 14 ಕಿಲೋಮೀಟರ್, ಅಗಲ ಸುಮಾರು 9. ಹೆಚ್ಚುಕಡಿಮೆ 1400 ವರ್ಷದ ಹಿಂದೆ ಒಂದು ಭಾರಿ ಸ್ಫೋಟವಾಗಿ, ನೆಲದೊಳಗಿನ ಕರಗಿದ ಕಲ್ಲೆಲ್ಲ ಹೊರಚಿಮ್ಮಿ, ಖಾಲಿಯಾದ ಚಾವಣಿ ಕುಸಿಯಿತು. ಆಗ್ನೇಯ ದಿಕ್ಕಿನ ಗೋಡೆ ಒಡೆದಿದ್ದರಿಂದ ಸಮುದ್ರ ಒಳಗೆ ಬಂತು. ಹಡಗುಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆ? ಆಳವಾದ ನೀರು, ಸುತ್ತ ಎತ್ತರದ ಗೋಡೆ, ಬಿರುಗಾಳಿಗೆ ಸಿಗದ ನಿಲುಗಡೆ. ದಕ್ಷಿಣ ಪೆಸಿಫಿಕ್‌ನ ಅತ್ಯುತ್ತಮ ಸಹಜ ಬಂದರುಗಳನ್ನು ಎಣಿಸುವಾಗ ಇದನ್ನು ಬಿಡುವವರಿಲ್ಲ. ಆದರೆ ಬಾಯಿಯ ಅಂಚಿನಲ್ಲಿ ಹೊಸ ಬೆಟ್ಟಗಳು ಹುಟ್ಟಿಕೊಂಡಿವೆ. ಪೂರ್ವಕ್ಕೆ ತವುರ್‌ವುರ್, ಪಶ್ಚಿಮಕ್ಕೆ ವಲ್ಕನ್. ಬಂದರಿಗೆ ಎರಡು ಕಡೆ ನಿಂತ ಇವೆರಡೂ ಸಿಡಿಯುವ ಬೆಟ್ಟಗಳು, ಮೂರು ಸಲ ಜೊತೆಯಾಗಿಯೇ ಸಿಡಿದಿವೆ. 1878ರಲ್ಲಿ ಹಾಗಾದಾಗ ವಲ್ಕನ್ ಸಮುದ್ರದೊಳಗಿಂದ ದ್ವೀಪವಾಗಿ ಎದ್ದು ಬಂತು.

ಜರ್ಮನ್ನರು ಈ ಕಡೆಯ ದ್ವೀಪಗಳಿಗೆ ಬಾವುಟ ನೆಟ್ಟದ್ದು 1884ರಲ್ಲಿ, ಅಂದರೆ ಆ ಸ್ಫೋಟವಾದ ಆರೇ ವರ್ಷಕ್ಕೆ. ಕಣ್ಣಾರೆ ಕಂಡವರೆಲ್ಲ ಇನ್ನೂ ಬದುಕಿದ್ದರು. 1899ರಲ್ಲಿ ಜರ್ಮನ್ ನ್ಯೂಗಿನಿಯ ಆಡಳಿತವನ್ನು ಬರ್ಲಿನ್ ಸರ್ಕಾರ ಕಂಪನಿಯ ಕೈಯಿಂದ ತನ್ನ ಕೈಗೆ ತೆಗೆದುಕೊಂಡಾಗ ರಾಜಧಾನಿಯಾದದ್ದು ಹೆರ್ಬರ್ಟ್ಸ್‌ಹೋಹೆ. ಅದೇ ಇವತ್ತಿನ ಕೊಕೊಪೊ. ಕಾಲ್ಡೆರಾದ ಹೊರಗೆ, ತೆರೆದ ಕರಾವಳಿಯ ಮೇಲೆ.

ಅಲ್ಲಿ ಆಗಲೇ ಒಬ್ಬ ರಾಣಿ ಇದ್ದಳು. ಕಿರೀಟದ ರಾಣಿಯಲ್ಲ, ತೆಂಗಿನ ತೋಟದ ರಾಣಿ. ಎಮ್ಮಾ ಕೋ, 1850ರಲ್ಲಿ ಸಮೋವಾದಲ್ಲಿ ಹುಟ್ಟಿದವಳು. ತಂದೆ ಅಮೆರಿಕದವ, ತಾಯಿ ಸಮೋವಾದವಳು. ಕೊಕೊಪೊದ ಪಕ್ಕ ರಾಲುಮ್ ಎಂಬಲ್ಲಿ ಜಮೀನು ಹಿಡಿದು, ತೆಂಗು ಹಾಕಿಸಿ, ಕೊಬ್ಬರಿ ವ್ಯಾಪಾರದಲ್ಲಿ ಶ್ರೀಮಂತಳಾಗಿ, ಗುನಂತಂಬು ಎಂಬ ಬಂಗಲೆ ಕಟ್ಟಿಸಿ, ಬಂದುಹೋಗುವ ನೌಕಾಧಿಕಾರಿಗಳಿಗೆ ಔತಣ ಕೊಡುತ್ತಿದ್ದಳು. ಗವರ್ನರರಿಗಿಂತ ಮೊದಲೇ ಅಲ್ಲಿ ನೆಲೆ ನಿಂತಿದ್ದವಳು. ಜನ ಕ್ವೀನ್ ಎಮ್ಮಾ ಅಂತಲೇ ಕರೆದರು. ಇವಳ ಬಗ್ಗೆ ಬರೆದವರು ಔತಣಗಳ ವೈಭವವನ್ನು ಬಹಳ ವರ್ಣಿಸುತ್ತಾರೆ. ಆ ಜಮೀನು ಯಾರದಾಗಿತ್ತು, ಯಾವ ಬೆಲೆಗೆ ಕೈಬದಲಾಯಿತು ಅನ್ನುವುದಕ್ಕೆ ಅಷ್ಟು ಶಾಯಿ ಖರ್ಚು ಮಾಡುವುದಿಲ್ಲ. ಆ ಪ್ರಶ್ನೆ ಮಾತ್ರ ಸುಮ್ಮನಾಗಲಿಲ್ಲ, ಮುಂದೆ ಬರುತ್ತದೆ. ಬಂಗಲೆ ಯುದ್ಧದಲ್ಲಿ ಹೋಯಿತು. ಮೆಟ್ಟಿಲುಗಳು ಉಳಿದಿವೆ.

ಹೆರ್ಬರ್ಟ್ಸ್‌ಹೋಹೆಗೆ ಒಂದೇ ಕೊರತೆ: ದೊಡ್ಡ ಹಡಗು ಆಸರೆಯಲ್ಲಿ ನಿಲ್ಲುವ ಜಾಗವಿಲ್ಲ. ನೊರ್ಡ್‌ಡಾಯ್ಚರ್ ಲಾಯ್ಡ್ ಹಡಗು ಕಂಪನಿ ತನ್ನ ಕಟ್ಟೆಯನ್ನು ಸಿಂಪ್ಸನ್ ಬಂದರಿನಲ್ಲೇ ಕಟ್ಟಿಕೊಂಡಿತು. ಹಡಗು ಹೋದಲ್ಲಿ ಗೋದಾಮು, ಗೋದಾಮಿನ ಹಿಂದೆ ಗುಮಾಸ್ತ, ಗುಮಾಸ್ತನ ಹಿಂದೆ ಸರ್ಕಾರ. 1910ರಲ್ಲಿ ಗವರ್ನರ್ ಆಲ್ಬರ್ಟ್ ಹಾಲ್ ರಾಜಧಾನಿಯನ್ನು ಅಲ್ಲಿಗೆ ಸಾಗಿಸಿದ. ಹಾಗೆ ರಬೌಲ್ ಹುಟ್ಟಿತು. ಸಾಲು ಮರಗಳ ಅಗಲ ಬೀದಿಗಳ ಊರು. ಮ್ಯಾಂಗೋ ಅವೆನ್ಯೂ, ಕ್ಯಾಶುವರಿನಾ ಅವೆನ್ಯೂ ಅಂತ ಬೀದಿಗಳ ಹೆಸರು. ಪೆಸಿಫಿಕ್‌ನ ಅತಿ ಚೆಂದದ ಊರು ಅಂತ ಹೊಗಳಿಸಿಕೊಂಡದ್ದು. ಜ್ವಾಲಾಮುಖಿಯ ಬಾಯಿಯೊಳಗೆ ಕೂತಿದೆ ಅನ್ನುವುದನ್ನು ಬಿಟ್ಟರೆ ಯಾವ ದೋಷವೂ ಇಲ್ಲ.

ಜರ್ಮನ್ನರಿಗೆ ಅದನ್ನು ಅನುಭವಿಸಲು ಸಿಕ್ಕಿದ್ದು ನಾಲ್ಕೇ ವರ್ಷ. 1914ರ ಸೆಪ್ಟೆಂಬರ್ 11ರಂದು ಆಸ್ಟ್ರೇಲಿಯದ ಪಡೆ ಕೊಕೊಪೊ ಸಮೀಪದ ಬಿಟಾಪಾಕಾದ ವೈರ್‌ಲೆಸ್ ಕೇಂದ್ರವನ್ನು ಹಿಡಿಯಿತು. ಮೊದಲ ಮಹಾಯುದ್ಧದಲ್ಲಿ ಆಸ್ಟ್ರೇಲಿಯದ ಪಡೆಯಲ್ಲಿ ಹೋರಾಡುತ್ತ ಸತ್ತ ಮೊದಲ ಸೈನಿಕರು ಸತ್ತದ್ದು ಫ್ರಾನ್ಸಿನಲ್ಲೂ ಅಲ್ಲ, ಗ್ಯಾಲಿಪೊಲಿಯಲ್ಲೂ ಅಲ್ಲ, ಇಲ್ಲಿ, ತೆಂಗಿನ ತೋಟದ ನಡುವಿನ ರಸ್ತೆಯಲ್ಲಿ. ಮೂರು ದಿನಕ್ಕೆ ಎಇ1 ಎಂಬ ಆಸ್ಟ್ರೇಲಿಯದ ಜಲಾಂತರ್ಗಾಮಿ 35 ಜನರೊಂದಿಗೆ ಹತ್ತಿರದ ಸಮುದ್ರದಲ್ಲಿ ಕಾಣೆಯಾಯಿತು. ಅದು ಪತ್ತೆಯಾದದ್ದು 2017ರಲ್ಲಿ.

ಆಸ್ಟ್ರೇಲಿಯದ ಆಳ್ವಿಕೆಯ ಒಂದು ಬೆಳಗ್ಗೆಯನ್ನು ಮಾತ್ರ ಹೇಳಿ ಮುಂದೆ ಹೋಗುತ್ತೇನೆ. 1929ರ ಜನವರಿ 3. ರಬೌಲ್‌ನ ಬಿಳಿಯರು ಎದ್ದು ನೋಡುತ್ತಾರೆ, ಚಹಾ ಬಂದಿಲ್ಲ. ಅಡುಗೆಯವನಿಲ್ಲ, ತೋಟದವನಿಲ್ಲ, ಹಡಗುಕಟ್ಟೆಯ ಕೂಲಿಯಿಲ್ಲ. ಪೊಲೀಸರೂ ಇಲ್ಲ! ಸುಮಾರು 3000 ಕೆಲಸಗಾರರು ರಾತ್ರೋರಾತ್ರಿ ಊರು ಬಿಟ್ಟು ಹೊರವಲಯದ ಮಿಷನ್ ಆವರಣಗಳಿಗೆ ಹೋಗಿ ಕೂತಿದ್ದರು. ಕೂಲಿ ಹೆಚ್ಚಿಸಬೇಕು ಅನ್ನುವುದಷ್ಟೇ ಬೇಡಿಕೆ. ಮುಂದಾಳು ಸುಮ್‌ಸುಮಾ, ಒಂದು ಸಣ್ಣ ಹಡಗಿನ ಕ್ಯಾಪ್ಟನ್. ಅವನ ಜೊತೆಗೆ ಪೊಲೀಸ್ ಪಡೆಯ ಹಿರಿಯ ಸಾರ್ಜೆಂಟ್ ಬೊಹುನ್. ಬೇರೆ ಬೇರೆ ದ್ವೀಪ, ಬೇರೆ ಬೇರೆ ಭಾಷೆಯ ಜನರನ್ನು ಇವರು ಗುಟ್ಟು ಬಿಡದೆ ಒಂದುಗೂಡಿಸಿದ್ದು ಸಣ್ಣ ಸಾಧನೆಯಲ್ಲ. ಮಿಷನ್‌ನವರು ಬುದ್ಧಿ ಹೇಳಿ ವಾಪಸು ಕಳಿಸಿದರು, ಮುಷ್ಕರ ಮುರಿಯಿತು, ಮುಂದಾಳುಗಳು ಜೈಲಿಗೆ ಹೋದರು. ನನ್ನ ಮಟ್ಟಿಗೆ ಆ ಬೀದಿಗಳ ಸೌಂದರ್ಯವನ್ನು ಅಳೆಯಲು ಮಾವಿನ ಮರಗಳಿಗಿಂತ ಈ ಬೆಳಗ್ಗೆ ಒಳ್ಳೆಯ ಅಳತೆಗೋಲು.

ಈಗ ಬೆಟ್ಟಕ್ಕೆ ಬರೋಣ. 1937ರ ಮೇ 29, ಶನಿವಾರ. ವಲ್ಕನ್ ಸಿಡಿಯಿತು. ಮರುದಿನ ಎದುರಿನ ತವುರ್‌ವುರ್. ಐನೂರಕ್ಕೂ ಹೆಚ್ಚು ಜನ ಸತ್ತರು, ಬಹುತೇಕ ಎಲ್ಲರೂ ವಲ್ಕನ್ ಬುಡದ ಹಳ್ಳಿಗಳಲ್ಲಿದ್ದವರು, ಅಲ್ಲಿನ ಮೂಲನಿವಾಸಿ ತೊಲಾಯ್ ಜನ. 1878ರಲ್ಲಿ ದ್ವೀಪವಾಗಿ ಎದ್ದಿದ್ದ ವಲ್ಕನ್ ಈಗ ಬೆಟ್ಟವಾಗಿ ಬೆಳೆದು ನೆಲಕ್ಕೆ ಅಂಟಿಕೊಂಡಿತು. ಆಸ್ಟ್ರೇಲಿಯದ ಆಡಳಿತ ಎರಡು ಕೆಲಸ ಮಾಡಿತು. ಮೇಲಿನ ದಿಬ್ಬದಲ್ಲಿ ಒಂದು ಜ್ವಾಲಾಮುಖಿ ವೀಕ್ಷಣಾಲಯ ಕಟ್ಟಿತು. ಅದು ಒಳ್ಳೆಯದಾಯಿತು. ಎರಡನೆಯದು, ರಾಜಧಾನಿಯನ್ನೇ ನ್ಯೂಗಿನಿಯ ಮುಖ್ಯ ದ್ವೀಪದಲ್ಲಿರುವ ಲೇ ಎಂಬ ಊರಿಗೆ ಸಾಗಿಸಲು ನಿರ್ಧರಿಸಿತು. ನಾಲ್ಕು ವರ್ಷ ಚರ್ಚೆ ಮಾಡಿ 1941ರಲ್ಲಿ ಸಾಗಿಸಲು ಶುರುಮಾಡಿತು. 1942ರ ಜನವರಿಯಲ್ಲಿ ಜಪಾನಿನ ವಿಮಾನಗಳು ರಬೌಲ್ ಮೇಲೂ ಬಾಂಬು ಹಾಕಿದವು, ಲೇ ಮೇಲೂ ಹಾಕಿದವು. ಬೆಟ್ಟಕ್ಕೆ ಹೆದರಿ ಹೊರಟವರಿಗೆ ಆಕಾಶ ಅಡ್ಡ ಬಂತು.

ಜನವರಿ 23ರಂದು ಜಪಾನಿ ಸೇನೆ ಇಳಿಯಿತು. ಸುಮಾರು 1400 ಜನರ ಆಸ್ಟ್ರೇಲಿಯದ ಪಡೆ ಒಂದೇ ದಿನಕ್ಕೆ ಚದುರಿತು. ಓಡಿದವರಲ್ಲಿ ಸುಮಾರು 160 ಮಂದಿಯನ್ನು ಟೋಲ್ ತೋಟದಲ್ಲಿ ಹಿಡಿದು ಕೊಂದರು. ಸೆರೆಸಿಕ್ಕ ಸಾವಿರಕ್ಕೂ ಮೀರಿದ ಜನರನ್ನು ಮಾಂಟೆವಿಡಿಯೊ ಮಾರು ಎಂಬ ಹಡಗಿಗೆ ತುಂಬಿ ಕಳಿಸಿದರು. 1942ರ ಜುಲೈ 1ರಂದು ಅಮೆರಿಕದ ಜಲಾಂತರ್ಗಾಮಿಯೊಂದು ಒಳಗೆ ಯಾರಿದ್ದಾರೆಂದು ತಿಳಿಯದೆ ಅದನ್ನು ಮುಳುಗಿಸಿತು. ಮುಳುಗಿದ ಹಡಗು ಸಿಕ್ಕಿದ್ದು 2023ರಲ್ಲಿ. ಜಪಾನಿಗೂ ರಬೌಲ್ ಬೇಕಾದದ್ದು ಜರ್ಮನ್ನರಿಗೆ ಬೇಕಾದ ಕಾರಣಕ್ಕೇ, ಬಂದರಿಗಾಗಿ. ಸುಮಾರು ಒಂದು ಲಕ್ಷ ಸೈನಿಕರ ನೆಲೆಯಾಯಿತು. ಜಪಾನಿ ನೌಕಾಪಡೆಯ ದಂಡನಾಯಕ ಅಡ್ಮಿರಲ್ ಯಮಾಮೊಟೊ 1943ರ ಏಪ್ರಿಲ್ 18ರಂದು ತನ್ನ ಕೊನೆಯ ಪ್ರಯಾಣಕ್ಕೆ ಹೊರಟದ್ದು ಇಲ್ಲಿಂದಲೇ. ಮಿತ್ರಪಕ್ಷದವರು ಈ ಕೋಟೆಗೆ ತಲೆ ಚಚ್ಚಿಕೊಳ್ಳದೆ ಸುತ್ತುಹಾಕಿ ಮುಂದೆ ಹೋದರು, ಮೇಲಿಂದ ಬಾಂಬು ಮಾತ್ರ ಸುರಿಸುತ್ತಿದ್ದರು. ಊರು ಪುಡಿಯಾಯಿತು, ಜಪಾನಿಗಳು ನೆಲದಡಿಗೆ ಇಳಿದರು. ಗಟ್ಟಿಯಾದ ಹಳೆಯ ಬೂದಿಯನ್ನು ಕೊರೆಯುವುದು ಸುಲಭ. ನೂರಾರು ಕಿಲೋಮೀಟರ್ ಸುರಂಗ ಕೊರೆದು ಆಸ್ಪತ್ರೆ, ಗೋದಾಮು, ದೋಣಿಗಳನ್ನು ಎಳೆದಿಡುವ ಗುಹೆ ಎಲ್ಲ ಮಾಡಿಕೊಂಡರು.

ಕೊರೆದವರು ಜಪಾನಿಗಳು ಮಾತ್ರವೇ ಅಲ್ಲ. ಇಲ್ಲಿ ನಮ್ಮವರ ಮಾತು ಬರುತ್ತದೆ. 1942ರ ಫೆಬ್ರವರಿ 15ರಂದು ಸಿಂಗಪುರ ಬಿದ್ದಾಗ ಬ್ರಿಟಿಷ್ ಭಾರತದ ಹತ್ತಾರು ಸಾವಿರ ಸೈನಿಕರು ಸೆರೆಸಿಕ್ಕರು. ಸಂಸ್ಥಾನಗಳ ಪಡೆಗಳೂ ಅವರಲ್ಲಿದ್ದವು, ಮೈಸೂರು ಇನ್‌ಫೆಂಟ್ರಿಯೂ ಅದರಲ್ಲೊಂದು. ಆ ಸೆರೆಯಾಳುಗಳಿಂದ ಆರಿಸಿ ಸಾವಿರಾರು ಭಾರತೀಯರನ್ನು ಹಡಗಿನಲ್ಲಿ ತಂದು ನ್ಯೂ ಬ್ರಿಟನ್‌ನಲ್ಲಿ ಕೂಲಿಗೆ ಹಚ್ಚಿದರು. ಹಸಿವು, ಬೆರಿಬೆರಿ, ಮಲೇರಿಯ, ಏಟು, ಅದರ ಮೇಲೆ ಮಿತ್ರಪಕ್ಷದ್ದೇ ಬಾಂಬು. 1945ರ ಸೆಪ್ಟೆಂಬರ್ 6ರಂದು ಗ್ಲೋರಿ ಎಂಬ ವಿಮಾನವಾಹಕ ನೌಕೆಯ ಮೇಲೆ ಜನರಲ್ ಇಮಾಮುರಾ ಶರಣಾಗತಿಗೆ ಸಹಿ ಹಾಕಿದಾಗ ಬದುಕುಳಿದವರು ಹೊರಬಂದರು. ಬಿಟಾಪಾಕಾದ ಯುದ್ಧ ಸ್ಮಶಾನದಲ್ಲಿ ಇವತ್ತಿಗೂ ಆಸ್ಟ್ರೇಲಿಯನ್ನರ ಜೊತೆ ಭಾರತೀಯ ಸೈನಿಕರಿದ್ದಾರೆ. ಎರಡನೆಯ ಮಹಾಯುದ್ಧ ಅಂದರೆ ನಮಗೆ ಬರ್ಮಾ, ಇಂಫಾಲ, ಅಜಾದ್ ಹಿಂದ್ ಫೌಜ್ ನೆನಪಾಗುತ್ತವೆ. ರಬೌಲ್ ನೆನಪಾಗುವುದಿಲ್ಲ. ಆಗಬೇಕಿತ್ತು ಅಂತ ನನ್ನ ಅಭಿಪ್ರಾಯ.

ಅದೇ ಕಾಲದ ಇನ್ನೊಂದು ಹೆಸರು, ಪೀಟರ್ ಟೊ ರೊಟ್. ರಾಕುನಾಯ್ ಹಳ್ಳಿಯ ಕ್ಯಾಥೊಲಿಕ್ ಉಪದೇಶಿ. ಪಾದ್ರಿಗಳೆಲ್ಲ ಸೆರೆಯಲ್ಲಿದ್ದಾಗ ಊರವರ ಪ್ರಾರ್ಥನೆ, ಮದುವೆ ನಡೆಸಿಕೊಡುತ್ತಿದ್ದ. ಜಪಾನಿ ಆಡಳಿತ ಬಹುಪತ್ನಿತ್ವಕ್ಕೆ ಒಪ್ಪಿಗೆ ಕೊಟ್ಟಾಗ ಎದುರು ನಿಂತ. 1945ರಲ್ಲಿ ಸೆರೆಯಲ್ಲೇ ಕೊಂದರು. 2025ರ ಅಕ್ಟೋಬರ್ 19ರಂದು ಪೋಪ್ ಲಿಯೊ ಅವನನ್ನು ಸಂತನೆಂದು ಘೋಷಿಸಿದರು, ಪಪುವಾ ನ್ಯೂಗಿನಿಯ ಮೊದಲ ಸಂತ.

ಯುದ್ಧ ಮುಗಿದ ಮೇಲೆ ಊರನ್ನು ಮತ್ತೆ ಅದೇ ಜಾಗದಲ್ಲಿ ಕಟ್ಟಿದರು. ಯಾಕೆ ಅಂದರೆ ಬಂದರು ಅಲ್ಲೇ ಇತ್ತು. ಬೂದಿ ಮಣ್ಣು ಕೊಕೊಗೂ ತೆಂಗಿಗೂ ಹೇಳಿ ಮಾಡಿಸಿದಂಥದ್ದು, ಬೆಳೆ ಹೊರಹೋಗಲು ಹಡಗು ಬೇಕು.

ಇಲ್ಲಿ ತೊಲಾಯ್ ಜನರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಇವರ ಪೂರ್ವಜರು ಎದುರಿನ ನ್ಯೂ ಐರ್ಲೆಂಡ್ ದ್ವೀಪದ ಕಡೆಯಿಂದ ಬಂದವರು. ಇವರಲ್ಲಿ ಕುಲವೂ ಭೂಮಿಯೂ ತಾಯಿಯ ಕಡೆಯಿಂದ ಬರುತ್ತದೆ. ನಮ್ಮ ತುಳುನಾಡಿನ ಅಳಿಯಸಂತಾನ ಗೊತ್ತಿದ್ದವರಿಗೆ ಹೆಚ್ಚು ವಿವರಿಸಬೇಕಿಲ್ಲ: ಸೋದರಮಾವನ ಹಿಡಿತದ ನೆಲ ಸೋದರಳಿಯನಿಗೆ. ತಂದೆ ದುಡಿದು ತೋಟ ಮಾಡಿದರೂ ನೆಲ ಅವನ ಸ್ವಂತ ಮಕ್ಕಳಿಗೆ ತಾನಾಗಿ ಹೋಗುವುದಿಲ್ಲ. ತೊಲಾಯ್ ಹಳ್ಳಿಗಳ ಅರ್ಧ ಜಗಳ ಇಲ್ಲೇ ಹುಟ್ಟುತ್ತದೆ.

ಇನ್ನೊಂದು, ಅವರ ದುಡ್ಡು. ತಬು ಅಂತ ಹೆಸರು. ಪುಟ್ಟ ಶಂಖದಂಥ ಚಿಪ್ಪುಗಳ ಬೆನ್ನು ಒಡೆದು, ಬೆತ್ತದ ಸೀಳಿಗೆ ಪೋಣಿಸಿ, ಮಾರಿನ ಲೆಕ್ಕದಲ್ಲಿ ಅಳೆಯುತ್ತಾರೆ. ಸಂತೆಯಲ್ಲಿ ಗೆಣಸು, ಅಡಿಕೆ ಕೊಳ್ಳಲು ಗೇಣುದ್ದದ ತುಂಡು ಸಾಕು. ಹೆಣ್ಣು ತರಲು, ಜಗಳ ತೀರಿಸಿ ತಪ್ಪುಕಾಣಿಕೆ ಕೊಡಲು ಮಾರುಗಟ್ಟಲೆ ಬೇಕು. ಶ್ರೀಮಂತರು ನೂರಾರು ಮಾರು ತಬುವನ್ನು ಚಕ್ರದಂತೆ ಸುತ್ತಿ ಕಟ್ಟಿಡುತ್ತಾರೆ, ಅದು ಲೊಲೊಯ್. ಆತ ಸತ್ತಾಗ ಅದನ್ನು ಬಿಚ್ಚಿ, ಕತ್ತರಿಸಿ, ಸೇರಿದವರಿಗೆ ಹಂಚಬೇಕು. ಬದುಕಿರುವಾಗ ಕೂಡಿಟ್ಟಷ್ಟೂ ಸತ್ತಾಗ ಊರಿಗೆ ಹೋಗುತ್ತದೆ. ಹಂಚಲು ತಬು ಇಲ್ಲದೆ ಸತ್ತವನದು ಮಾನಗೆಟ್ಟ ಸಾವು. ಜರ್ಮನ್ ಆಡಳಿತ ಬಿಳಿಯರ ಜೊತೆಗಿನ ವ್ಯಾಪಾರದಲ್ಲಿ ಇದನ್ನು ನಿಷೇಧಿಸಿ ಮಾರ್ಕ್ ನಾಣ್ಯ ತಂದಿತು. ಮಾರ್ಕ್ ಹೋಯಿತು, ಪೌಂಡ್ ಬಂದು ಹೋಯಿತು, ಜಪಾನಿನ ಯುದ್ಧದ ನೋಟು ಬಂದು ಕಸವಾಯಿತು, ಆಸ್ಟ್ರೇಲಿಯದ ಡಾಲರ್ ಹೋಗಿ 1975ರಲ್ಲಿ ಕಿನಾ ಬಂತು. ತಬು ಇನ್ನೂ ನಡೆಯುತ್ತಿದೆ. ಅರ್ಥಶಾಸ್ತ್ರದ ಮೇಷ್ಟರುಗಳು ಯಾರಾದರೂ ಇಲ್ಲಿದ್ದರೆ ಅವರ ಮುಖ ನೋಡಬೇಕು ಅನ್ನಿಸುತ್ತಿದೆ.

ಭೂಮಿಯ ಪ್ರಶ್ನೆ ಮುಂದೆ ಬರುತ್ತದೆ ಅಂದಿದ್ದೆ. 1960ರ ದಶಕದ ಕೊನೆಯ ಹೊತ್ತಿಗೆ ಗಜೆಲ್‌ನ ಒಳ್ಳೆಯ ನೆಲದ ದೊಡ್ಡ ಪಾಲು ಇನ್ನೂ ಬಿಳಿಯರ ತೋಟಗಳಾಗಿತ್ತು. ತೊಲಾಯ್ ಹಳ್ಳಿಗಳಲ್ಲಿ ಜನ ಹೆಚ್ಚಾಗಿ ನೆಲ ಸಾಲದಾಗಿತ್ತು. 1969ರಲ್ಲಿ ಮತವುಂಗನ್ ಸಂಘ ಹುಟ್ಟಿತು. ಆಡಳಿತ ಹೇರಿದ ಬಹುಜನಾಂಗೀಯ ಕೌನ್ಸಿಲ್ ಬೇಡ, ನಮ್ಮ ತೆರಿಗೆ ನಾವೇ ಎತ್ತುತ್ತೇವೆ, ನಮ್ಮ ನೆಲ ನಮಗೆ ಕೊಡಿ ಅಂದರು. 1971ರಲ್ಲಿ ಜಿಲ್ಲಾ ಕಮಿಷನರ್ ಜ್ಯಾಕ್ ಎಮ್ಯಾನುಯೆಲ್ ಒಂದು ತೋಟದ ಭೂವಿವಾದದ ಮಾತುಕತೆಗೆ ಹೋದಾಗ ಕೊಲೆಯಾದರು. ದೇಶದ ಸ್ವಾತಂತ್ರ್ಯದ ಮಾತು ಬಿರುಸಾಗಲು ಈ ಮೂಲೆಯ ಗದ್ದಲವೂ ಒಂದು ಕಾರಣ. 1988ರಿಂದ 1992ರವರೆಗೆ ಪ್ರಧಾನಿಯಾಗಿದ್ದ ರಬ್ಬಿ ನಮಲಿಯು ಕೊಕೊಪೊ ಬಳಿಯ ರಾಲುವಾನಾದವರು.

ಈಗ 1994. ಆದರೆ ಅದಕ್ಕೆ ಹತ್ತು ವರ್ಷ ಹಿಂದಿನಿಂದ ಶುರುಮಾಡಬೇಕು. 1983ರಲ್ಲಿ ಕಾಲ್ಡೆರಾದಡಿ ಕಂಪನಗಳು ಏಕಾಏಕಿ ಹೆಚ್ಚಿದವು, ನೆಲ ಉಬ್ಬಲು ಶುರುವಾಯಿತು. ತವುರ್‌ವುರ್ ಪಕ್ಕದ ಮಟುಪಿಟ್ ದ್ವೀಪದ ದಡ ವರ್ಷಗಳಿಂದ ಮೇಲೇಳುತ್ತಲೇ ಇತ್ತು. ಆ ಅಕ್ಟೋಬರ್‌ನಲ್ಲಿ ಎರಡನೇ ಹಂತದ ಎಚ್ಚರಿಕೆ ಹೊರಟಿತು: ಕೆಲವು ತಿಂಗಳೊಳಗೆ ಸ್ಫೋಟ ಆಗಬಹುದು. ಯೋಜನೆ ಬರೆದರು, ರಸ್ತೆ ಸರಿಮಾಡಿದರು, ಕಾಲ್ಡೆರಾದ ಹೊರಗೆ ಟೋಕುವಾದಲ್ಲಿ ಪರ್ಯಾಯ ವಿಮಾನ ಪಟ್ಟಿ ಮಾಡಿದರು, ಹಳ್ಳಿಹಳ್ಳಿಗೆ ಹೋಗಿ ಯಾರು ಯಾವ ದಾರಿಯಲ್ಲಿ ಎಲ್ಲಿಗೆ ಹೋಗಬೇಕೆಂದು ತಾಲೀಮು ಮಾಡಿಸಿದರು. ಏನೂ ಆಗಲಿಲ್ಲ. 1984ರ ಕೊನೆಗೆ ಎಚ್ಚರಿಕೆ ಹಿಂತೆಗೆದುಕೊಂಡರು. ವ್ಯಾಪಾರಿಗಳು ಬೈದರು. ಇಂಥ ಸಂದರ್ಭದಲ್ಲಿ ವಿಜ್ಞಾನಿಗಳ ಸ್ಥಿತಿ ಯಾರಿಗೂ ಬೇಡ. ಸ್ಫೋಟವಾದರೆ ಮೊದಲೇ ಯಾಕೆ ಹೇಳಲಿಲ್ಲ, ಆಗದಿದ್ದರೆ ಯಾಕೆ ಹೇಳಿದಿರಿ.

ಹತ್ತು ವರ್ಷ ಕಳೆಯಿತು. 1994ರ ಸೆಪ್ಟೆಂಬರ್ 16 ಸ್ವಾತಂತ್ರ್ಯ ದಿನ, ವಾರದ ಕೊನೆಯ ರಜೆ, ಊರು ತುಂಬ ಜನ. 18ರ ಭಾನುವಾರ ನಸುಕಿಗೆ ಮೊದಲೇ ನೆಲ ಜೋರಾಗಿ ನಡುಗಿತು. ನಡುಕ ನಿಲ್ಲಲೇ ಇಲ್ಲ. ಅಲ್ಲಿನ ಜನಕ್ಕೆ ನಡುಕ ಹೊಸತಲ್ಲ, ಅದಕ್ಕೆ ಗುರಿಯಾ ಅನ್ನುತ್ತಾರೆ, ಊರಿನ ರಗ್ಬಿ ತಂಡಕ್ಕೂ ಅದೇ ಹೆಸರು. ಆದರೆ ಈ ಸಲದ್ದು ಬೇರೆ ಅಂತ ಮಟುಪಿಟ್‌ನ ಮುದುಕರಿಗೆ ಅನ್ನಿಸಿತು. 1937ರಲ್ಲಿ ಅವರು ಹುಡುಗರು. ಸರ್ಕಾರದ ಆದೇಶಕ್ಕೆ ಕಾಯದೆ ಅವರು ಮನೆಮಂದಿಯನ್ನೆಲ್ಲ ಎಬ್ಬಿಸಿಕೊಂಡು ಹೊರಟರು. ಸಂಜೆಗೆ ಅಧಿಕೃತ ಎಚ್ಚರಿಕೆ ಬಂತು. ರಾತ್ರಿಯಿಡೀ ಲಾರಿ, ಬಸ್ಸು, ಕಾಲ್ನಡಿಗೆ. ವಲ್ಕನ್ ಬಳಿ ಸಮುದ್ರದ ತಳ ಮೇಲೆದ್ದು ಹೊರಗೆ ಕಾಣತೊಡಗಿತು. 19ರ ಬೆಳಗ್ಗೆ ಆರರ ಸುಮಾರಿಗೆ ತವುರ್‌ವುರ್ ಬಾಯಿ ತೆರೆಯಿತು. ಒಂದು ಗಂಟೆ ಚಿಲ್ಲರೆ ಕಳೆಯುವಷ್ಟರಲ್ಲಿ ಎದುರಿನ ವಲ್ಕನ್ ಇನ್ನೂ ಜೋರಾಗಿ ಸಿಡಿಯಿತು.

ಸತ್ತವರು ಐದು ಮಂದಿ. ನಾಲ್ವರು ಬೂದಿಯ ಭಾರಕ್ಕೆ ಕುಸಿದ ಮನೆಗಳಲ್ಲಿ, ಒಬ್ಬರು ಬೂದಿ ಮೋಡದ ಮಿಂಚಿಗೆ. 1937ರಲ್ಲಿ ಐನೂರು, 1994ರಲ್ಲಿ ಐದು. ಊರು ತೆರವಾದದ್ದು ಉಪಕರಣಗಳು ಕೊಟ್ಟ ಮುನ್ಸೂಚನೆಯಿಂದ ಅಂತ ಹಲವರು ಬರೆಯುತ್ತಾರೆ. ಆದರೆ ಮೊದಲ ಕಂಪನದಿಂದ ಸ್ಫೋಟದವರೆಗೆ ಸಿಕ್ಕಿದ್ದು ಬರೀ 27 ಗಂಟೆ. ಅಷ್ಟರಲ್ಲಿ ಯಂತ್ರ ನೋಡಿ, ಸಭೆ ಸೇರಿ, ಆದೇಶ ಹೊರಡಿಸಿ ಇಷ್ಟು ಜನರನ್ನು ಸಾಗಿಸಲು ಆಗುತ್ತಿರಲಿಲ್ಲ. ಸುಳ್ಳಾಯಿತು ಅಂತ ಬೈಸಿಕೊಂಡಿದ್ದ 1983ರ ಆ ಎಚ್ಚರಿಕೆಯ ತಾಲೀಮು ಜನರ ಕಾಲಿನಲ್ಲಿ ಉಳಿದಿತ್ತು. ಮುದುಕರ ನೆನಪು ಅದರ ಜೊತೆ ಸೇರಿತು.

ಜನ ಉಳಿದರು, ಊರು ಉಳಿಯಲಿಲ್ಲ. ಸೆಪ್ಟೆಂಬರ್‌ನಲ್ಲಿ ಅಲ್ಲಿ ಬೀಸುವುದು ಆಗ್ನೇಯದ ಗಾಳಿ. ತವುರ್‌ವುರ್ ಊರಿನ ಆಗ್ನೇಯಕ್ಕೇ ಇದೆ. ಹಾಗಾಗಿ ಬೂದಿ ನೇರ ಊರಿನ ಮೇಲೆ. ಅದರ ಮೇಲೆ ಮಳೆ ಬಿದ್ದು ಬೂದಿ ಗಾರೆಯಂತಾಗಿ ಚಾವಣಿಗಳು ಒಂದೊಂದಾಗಿ ಕುಸಿದವು. ಮ್ಯಾಂಗೋ ಅವೆನ್ಯೂ, ಹಳೆಯ ವಿಮಾನ ನಿಲ್ದಾಣ, ಊರಿನ ಪೂರ್ವದ ದೊಡ್ಡ ಭಾಗ ಹೋಯಿತು. ಪಶ್ಚಿಮದ ತುದಿ ಮತ್ತು ಹಡಗುಕಟ್ಟೆ ಅಷ್ಟಾಗಿ ಕೆಡಲಿಲ್ಲ. ಉಳಿದದ್ದನ್ನು ಲೂಟಿಕೋರರು ಹೊತ್ತುಕೊಂಡು ಹೋದರು. ವಲ್ಕನ್ ಎರಡು ವಾರದಲ್ಲಿ ತಣ್ಣಗಾಯಿತು. ತವುರ್‌ವುರ್ ಮರುವರ್ಷದವರೆಗೂ ಉಗುಳುತ್ತಲೇ ಇತ್ತು.

1990ರ ಜನಗಣತಿಯಲ್ಲಿ ಸುಮಾರು 17 ಸಾವಿರ ಜನರಿದ್ದ ಊರು ಬರಿದಾಗಿ, ಆಗ ಬರೀ ಸಣ್ಣ ಪೇಟೆಯಾಗಿದ್ದ ಕೊಕೊಪೊ ಒಮ್ಮೆಲೇ ರಾಜಧಾನಿಯಾಯಿತು. ಪುನರ್ವಸತಿಗಾಗಿ ಗಜೆಲ್ ಪುನರ್‌ನಿರ್ಮಾಣ ಪ್ರಾಧಿಕಾರ ಬಂತು, ವಿಶ್ವಬ್ಯಾಂಕ್ ಸಾಲ ಬಂತು. ಕಚೇರಿ, ಬ್ಯಾಂಕು, ಸೂಪರ್‌ಮಾರ್ಕೆಟ್ ಎಲ್ಲ ಕರಾವಳಿ ರಸ್ತೆಯ ಉದ್ದಕ್ಕೂ ಎದ್ದವು. 2011ರ ಹೊತ್ತಿಗೆ ಕೊಕೊಪೊದಲ್ಲಿ ಸುಮಾರು 26 ಸಾವಿರ ಜನ. ಟೋಕುವಾದ ಪಟ್ಟಿಯೇ ಪ್ರಾಂತ್ಯದ ವಿಮಾನ ನಿಲ್ದಾಣ.

ಮಟುಪಿಟ್‌ನವರಿಗೆ ಒಳನಾಡಿನ ಸಿಕುಟ್ ಎಂಬಲ್ಲಿ ಸರ್ಕಾರಿ ಜಮೀನು ಕೊಟ್ಟರು. ಹಲವರು ಹೋದರು, ಹಲವರು ಹೋಗಲಿಲ್ಲ, ಹೋದವರಲ್ಲೂ ಕೆಲವರು ವಾಪಸು ಬಂದರು. ಮೀನು ಇರುವುದು ಮಟುಪಿಟ್‌ನಲ್ಲಿ, ಹಿರಿಯರ ಗೋರಿ ಅಲ್ಲಿ. ಇನ್ನೊಂದು ವಿಚಿತ್ರ ಆದಾಯವೂ ಅಲ್ಲಿದೆ. ಮೆಗಾಪೋಡ್ ಎಂಬ ಕಾಡುಕೋಳಿಯಂಥ ಹಕ್ಕಿ ತಾನು ಕಾವು ಕೂರುವುದಿಲ್ಲ, ತವುರ್‌ವುರ್ ಬುಡದ ಬಿಸಿ ಮರಳಿನಲ್ಲಿ ಮೊಟ್ಟೆ ಹುಗಿದು ಹೋಗುತ್ತದೆ. ಮಟುಪಿಟ್‌ನ ಗಂಡಸರು ಆಳುದ್ದ ಗುಂಡಿ ತೋಡಿ ಆ ಮೊಟ್ಟೆ ತೆಗೆದು ಸಂತೆಯಲ್ಲಿ ಮಾರುತ್ತಾರೆ. ಸಿಕುಟ್‌ನ ಜಮೀನಿಗೂ ಒಂದು ಆಕರ್ಷಣೆ ಇತ್ತು, ಹೊರಗಿನವರು ಊಹಿಸದ್ದು. ಅದು ಕುಲದ ನೆಲವಲ್ಲ, ಸರ್ಕಾರದ್ದು. ಅಪ್ಪ ಅಲ್ಲಿ ತೋಟ ಮಾಡಿದರೆ ಸ್ವಂತ ಮಕ್ಕಳಿಗೆ ಬಿಟ್ಟುಹೋಗಬಹುದು.

ಇವತ್ತಿನ ಕೊಕೊಪೊದ ಜೀವ ಇರುವುದು ಅದರ ಮಾರುಕಟ್ಟೆಯಲ್ಲಿ. ಗೆಣಸು, ಟಾರೊ ಅಂದರೆ ನಮ್ಮ ಕೆಸುವಿನ ಗಡ್ಡೆ, ಬಾಳೆ, ಮೀನು, ತಬು, ಮತ್ತು ರಾಶಿರಾಶಿ ಹಸಿ ಅಡಿಕೆ. ಮಲೆನಾಡಿನವರು ಅಲ್ಲಿಗೆ ಹೋದರೆ ಪರದೇಶ ಅನ್ನಿಸಲಿಕ್ಕಿಲ್ಲ, ಬಾಯಿ ಕೆಂಪಾದವರೇ ಎಲ್ಲೆಲ್ಲೂ. ಆದರೆ ವೀಳ್ಯದೆಲೆಯ ಬದಲು ಅದೇ ಬಳ್ಳಿಯ ಜಾತಿಯ ಹಸಿರು ಕಾಯಿಯನ್ನು ಸುಣ್ಣದಲ್ಲಿ ಅದ್ದಿ ಕಚ್ಚುತ್ತಾರೆ. ಕೊಕೊ ಬೆಳೆ 2006ರಲ್ಲಿ ಕಾಯಿಕೊರಕ ಹುಳು ಬಂದ ಮೇಲೆ ನೆಲಕಚ್ಚಿತು. ಜ್ವಾಲಾಮುಖಿ ಮಾಡದ ಹಾನಿಯನ್ನು ಆ ಹುಳು ಹಳ್ಳಿಯ ಕೈಚೀಲಕ್ಕೆ ಮಾಡಿತು ಅಂದರೂ ತಪ್ಪಿಲ್ಲ. ಊರಿನ ವಸ್ತುಸಂಗ್ರಹಾಲಯದ ಅಂಗಳದಲ್ಲಿ ತುಕ್ಕು ಹಿಡಿದ ಜಪಾನಿ ಫಿರಂಗಿಗಳಿವೆ. ಮುಖವಾಡಗಳ ಹಬ್ಬದಂದು ಬೆಳಕು ಹರಿಯುವ ಮುನ್ನ ತೊಲಾಯ್ ಗಂಡಸರ ಗುಪ್ತ ಸಂಘದ ತುಬುವಾನ್, ಡುಕ್‌ಡುಕ್ ವೇಷಗಳು ದೋಣಿಯಲ್ಲಿ ದಡಕ್ಕೆ ಬರುತ್ತವೆ. ಪ್ರವಾಸಿಗರು ಫೋಟೊ ತೆಗೆಯುತ್ತಾರೆ, ಆದರೆ ದೀಕ್ಷೆ ಇಲ್ಲದವರಿಗೆ ಆ ಸಂಘದ ಒಳಗುಟ್ಟು ಇಂದಿಗೂ ತೆರೆದಿಲ್ಲ.

ಮಾತು ಇಲ್ಲಿಗೆ ನಿಲ್ಲಿಸಿದಾಗ ಸಭೆಯಿಂದ ಎರಡು ಪ್ರಶ್ನೆ ಬಂದವು.

ಮುಂದಿನ ಸ್ಫೋಟ ಯಾವಾಗ, ಅಂತ ಮೊದಲನೆಯದು. ಜೋಡಿ ಸ್ಫೋಟಗಳ ನಡುವಿನ ಅಂತರ 59 ವರ್ಷ, ಆಮೇಲೆ 57. ಹಾಗಾದರೆ 2050ರ ಹೊತ್ತಿಗೆ ಅಂತ ಕೂಡಿಸಿ ಹೇಳುವ ಆಸೆಯಾಗುತ್ತದೆ. ಮೂರು ಘಟನೆಗಳಿಂದ ವೇಳಾಪಟ್ಟಿ ಮಾಡಲು ಬರುವುದಿಲ್ಲ. ತವುರ್‌ವುರ್ ಒಂದೇ 2006ರ ಅಕ್ಟೋಬರ್‌ನಲ್ಲೂ 2014ರ ಆಗಸ್ಟ್‌ನಲ್ಲೂ ಸಿಡಿಯಿತು. ದಿಬ್ಬದ ಮೇಲಿನ ವೀಕ್ಷಣಾಲಯ ಈಗ ಇಡೀ ದೇಶದ ಜ್ವಾಲಾಮುಖಿಗಳ ಮೇಲೆ ಕಣ್ಣಿಟ್ಟಿದೆ.

ಎರಡನೆಯ ಪ್ರಶ್ನೆ ಕೇಳಿದವರು ಒಬ್ಬ ಹಿರಿಯರು: ಕಚೇರಿಗಳನ್ನೆಲ್ಲ ಸಾಗಿಸಿದ ಮೇಲೆ ಬಂದರನ್ನೂ ಕೊಕೊಪೊಗೆ ತರಬಾರದಿತ್ತೇ? ತರಲು ಅಲ್ಲಿ ಬಂದರಿನ ಜಾಗವೇ ಇಲ್ಲ ಸಾರ್. ಜರ್ಮನ್ನರು 1910ರಲ್ಲಿ ಅಲ್ಲಿಂದ ಎದ್ದು ಹೋದದ್ದೂ ಅದಕ್ಕೇ. ತೆರೆದ ಕಡಲಿನಲ್ಲಿ ಅಲೆತಡೆ ಕಟ್ಟಿ ಕಂಟೇನರ್ ಹಡಗು ನಿಲ್ಲಿಸುವಷ್ಟು ದುಡ್ಡು ಆ ಪ್ರಾಂತ್ಯಕ್ಕಿಲ್ಲ. ಆದ್ದರಿಂದ ಕೊಕೊ, ಕೊಬ್ಬರಿ ಇವತ್ತಿಗೂ ಹಡಗು ಹತ್ತುವುದು ರಬೌಲ್‌ನಲ್ಲೇ, ಕೊಕೊಪೊದ ಅಂಗಡಿಯ ಅಕ್ಕಿ ಇಳಿಯುವುದೂ ಅಲ್ಲೇ. ಎರಡೂ ಊರಿನ ನಡುವೆ ಇರುವುದು ಒಂದೇ ಮುಖ್ಯ ರಸ್ತೆ. ಅದು ವಲ್ಕನ್ ಬುಡದಲ್ಲೇ ಹಾದುಹೋಗುತ್ತದೆ. ಜೋರು ಮಳೆ ಬಂದರೆ ಬೆಟ್ಟದ ಸಡಿಲ ಬೂದಿ ಕೆಸರಾಗಿ ಹರಿದು ರಸ್ತೆ ಮುಚ್ಚುತ್ತದೆ. ಕೆಸರು ಬಾಚುವ ಯಂತ್ರ ಬಂದು ದಾರಿ ಬಿಡಿಸುವವರೆಗೆ ಲಾರಿಗಳು ಎರಡೂ ಕಡೆ ಸಾಲಾಗಿ ನಿಲ್ಲುತ್ತವೆ.